ಸಮಾಧಾನ ಹೇಳಲು ಒಲ್ಲೆನೆಂದ ಹಕೀಮಾಕ

ಸೌದಿಯ ಥುಕ್ಬಾದ ಲಾಂಡ್ರಿಯೊಂದರಲ್ಲಿ ಅರಬರ ಬಿಳಿ ನಿಲುವಂಗಿ ತೋಬುಗಳಿಗೆ ಇಸ್ತ್ರಿ ಹಾಕುವ ಅಬ್ದುಲ್ ಹಕೀಂ, ಎಲ್ಲರ ಬಾಯಲ್ಲಿ ಹಕೀಮಾಕ, ಪಾದ್ರಿಯಲ್ಲ, ಮುಸ್ಲಿಯಾರರೂ ಅಲ್ಲ. ಆದರೂ ಭೇಟಿಯ ದಿನ ಬಂತೆಂದರೆ ಅಂಗಡಿಯನ್ನು ಪಾಲುದಾರನಿಗೆ ಒಪ್ಪಿಸಿ ಜೈಲಿಗೆ ಹೊರಡುತ್ತಾರೆ. ಅಲ್ಲಿರುವ ನಮ್ಮ ಕರಾವಳಿಯ ಕೈದಿಗಳ ಎದುರು ಕೂರುವುದು, ಮನೆಯ ಸುದ್ದಿ ಮುಟ್ಟಿಸುವುದು, ಅಳುವವನು ಅತ್ತು ಮುಗಿಸುವವರೆಗೆ ಸುಮ್ಮನಿರುವುದು ಅವರ ಕೆಲಸ. ಗೇಟಿನ ಕಾವಲುಗಾರ ಫಹದ್ ಕೂಡ ಒಮ್ಮೆ ಅವರನ್ನು ಬದಿಗೆ ಕರೆದು, ಆಸ್ಪತ್ರೆಯಲ್ಲಿರುವ ತಾಯಿಗಾಗಿ ದುವಾ ಮಾಡು ಎಂದು ಕಣ್ಣೊರೆಸಿಕೊಂಡಿದ್ದ. ಬೀಗ ಹಾಕುವವನಿಗೂ ಎದೆಭಾರ ಇರುತ್ತದೆ, ಇಳಿಸಲು ಜಾಗ ಇರುವುದಿಲ್ಲ.

ಈ ಸಲ ಒಳಗಿದ್ದವನು ಶಿರ್ವದ ರೋಯ್ಸ್ಟನ್, ಜುಬೈಲ್‌ನ ಕೆಲಸಗಾರರ ಕ್ಯಾಂಪಿನ ಬಸ್ ಚಾಲಕ. ಬ್ರೇಕ್ ಹಿಡಿಯದೆ ಬಸ್ಸು ಗೋಡೆಗೆ ಹೊಡೆದು ಕೆಲಸಗಾರನೊಬ್ಬ ಸತ್ತಿದ್ದ. ರೋಯ್ಸ್ಟನ್‌ಗೆ ಧೈರ್ಯ ಹೇಳಲು ಆ ದೇಶದಲ್ಲಿ ಪಾದ್ರಿ ಬರುವಂತಿಲ್ಲ. ಊರಿನಿಂದ ಹೆಂಡತಿ ವಯೊಲೆಟ್ ಕೊಂಕಣಿಯ ಪ್ರಾರ್ಥನೆಯೊಂದನ್ನು ವಾಯ್ಸ್ ಮೆಸೇಜಿನಲ್ಲಿ ಕಳಿಸಿದಳು. ಫೋನನ್ನು ಗೇಟಿನಲ್ಲೇ ಇಡಬೇಕಲ್ಲ? ಹಕೀಮಾಕ ಇಸ್ತ್ರಿ ಹಾಕುತ್ತ ಹಾಕುತ್ತ ಅದನ್ನು ಬಾಯಿಪಾಠ ಮಾಡಿ, ಗಾಜಿನ ಈಚೆಯಿಂದ ರಿಸೀವರಿನಲ್ಲಿ ಒಪ್ಪಿಸಿದರು.

"ಕಾಕಾ, ನಡುವಿಂದ ಒಂದು ಸಾಲು ನುಂಗಿದ್ರಿ," ಎಂದ ರೋಯ್ಸ್ಟನ್, ಅಳುವಿನ ನಡುವೆಯೇ ನಗುತ್ತ.

"ದೇವರಿಗೆ ಗೊತ್ತುಂಟು ಮಾರಾಯ, ಅವನೇ ಸೇರಿಸಿಕೊಳ್ತಾನೆ."

ಈ ಸಲಿಗೆಯ ಸುದ್ದಿ ಅಬ್ದುಲ್ ಬಾಸಿತರಿಗೆ ಮುಟ್ಟಿತು. ಅವರು ಆ ಬಸ್ ಕಂಪನಿಯ ಮ್ಯಾನೇಜರ್, ನಮ್ಮ ಊರಿನವರ ಸಂಘಕ್ಕೂ ಅಧ್ಯಕ್ಷರು. ಹಕೀಮಾಕರ ಕುತ್ತಿಗೆಯಲ್ಲಿ ತೂಗುವ ಸ್ವಯಂಸೇವಕರ ಕಾರ್ಡು ಆ ಸಂಘದ್ದೇ. ಎಂದೂ ಲಾಂಡ್ರಿ ಮೆಟ್ಟದವರು ಅಂದು ಬಂದು ಸ್ಟೂಲಿನ ಮೇಲೆ ಕೂತರು.

"ಹಕೀಮಾಕ, ನಿಮ್ಮ ಮಾತನ್ನು ಅವನು ಮೀರುದಿಲ್ಲ. ನಿದ್ದೆ ತೂಗಿತ್ತು ಅಂತ ಒಂದು ಸಹಿ ಹಾಕ್ಲಿಕ್ಕೆ ಹೇಳಿ. ಬೇಗ ಊರಿಗೆ ಕಳಿಸುವ."

"ಅವನು ನಿದ್ದೆ ಮಾಡಿದ್ನಾ?"

"ಅದೆಲ್ಲ ಎಂತಕ್ಕೆ? ಸತ್ತವನು ವಾಪಸ್ ಬರ್ತಾನಾ? ಸಬ್ರ್ ಮಾಡು ಅಂತ ನಾಲ್ಕು ಸಮಾಧಾನದ ಮಾತು ಹೇಳಿ, ಸಾಕು."

ಸಬ್ರ್ ಎಂದರೆ ಸಹನೆ. ಒಳ್ಳೆಯ ಮಾತೇ. ಆದರೆ ಅದನ್ನು ಮ್ಯಾನೇಜರಿಗೆ ಯಾರಾದರೂ ಬೋಧಿಸಿದ್ದನ್ನು ಕೇಳಿದ್ದೀರಾ? ಒಳಗಿರುವವನಿಗೇ ಯಾಕೆ ಅದು ಸದಾ ಬೇಕಾಗುತ್ತದೆ?

ಹಕೀಮಾಕ ತೊಳಲಾಡದೆ ಇರಲಿಲ್ಲ. ಯಾವಾಗ ಬರ್ತಾರೆ ಎಂದು ವಯೊಲೆಟ್ ದಿನವೂ ಕೇಳುತ್ತಿದ್ದಳು. ಕಾರ್ಡು ಹೋದರೆ ಒಳಗಿರುವ ಉಳಿದವರ ಗತಿಯೇನು? ಭೇಟಿಯ ದಿನ ಬಾಸಿತರು ಕಾಗದ ಹಿಡಿದು ಜೊತೆಗೇ ಬಂದರು. ಹಕೀಮಾಕ ರಿಸೀವರ್ ಎತ್ತಿಕೊಂಡರು.

"ರೋಯಿ, ಬ್ರೇಕಿನ ವಿಷಯ ಕಂಪನಿಯವರಿಗೆ ಮೊದಲೇ ಹೇಳಿದ್ಯಾ?"

"ಹೇಳಿದ್ದೆ ಕಾಕಾ. ಈ ಬಸ್ಸು ತೆಗೆಯುದಿಲ್ಲ ಅಂತಲೂ ಹೇಳಿದೆ. ಯಲ್ಲಾ ಯಲ್ಲಾ, ಹೊರಡು ಹೊರಡು ಅಂತ ದಬ್ಬಿದ್ರು."

"ಹಾಗಾದ್ರೆ ಕೇಳು. ಸಮಾಧಾನ ಹೇಳಿ ನಿನ್ನ ಸಹಿ ತರ್ಲಿಕ್ಕೆ ನನ್ನನ್ನು ಕಳಿಸಿದ್ದಾರೆ. ಹಾಕಿದ್ರೆ ಬೇಗ ಬಿಡಿಸ್ತಾರಂತೆ, ಆ ಮಾತಿಗೆ ನಾನು ಜಾಮೀನಲ್ಲ. ಸಾವು ನಿನ್ನ ತಲೆಗೆ ಬರುದು ಮಾತ್ರ ಖಂಡಿತ."

ರೋಯ್ಸ್ಟನ್ ಗಾಜಿನ ಹತ್ತಿರಕ್ಕೆ ಬಾಗಿದ. "ಹಾಕುದಿಲ್ಲ. ನಾನು ನಿದ್ದೆ ಮಾಡಿರ್ಲಿಲ್ಲ. ಬ್ರೇಕಿನ ವಿಷಯ ಅಧಿಕಾರಿಗೇ ಹೇಳ್ತೇನೆ."

"ನಿಮಗೆ ಎಂತ ಮರ್ಲಾ, ತಲೆ ಸರಿ ಉಂಟಾ ಹಕೀಮಾಕ?" ಬಾಸಿತರು ಸಿಡಿದರು.

ಹಕೀಮಾಕ ಆ ಕಡೆ ತಿರುಗಲೇ ಇಲ್ಲ. ಬಾಗಿಲ ಬಳಿಯಿದ್ದ ಫಹದ್‌ನನ್ನು ಕರೆದು, ತಮ್ಮ ಲಾಂಡ್ರಿ ಅರಬಿಯಲ್ಲಿ ಇಡೀ ಕೋಣೆಗೆ ಕೇಳುವಂತೆ ಹೇಳಿದರು: ಬಸ್ಸಿನ ಬ್ರೇಕಿನ ಬಗ್ಗೆ ಇವನು ತನಿಖಾಧಿಕಾರಿಗೆ ಹೇಳಿಕೆ ಕೊಡಬೇಕಂತೆ. ಫಹದ್ ಬಾಸಿತರ ಕೋಟನ್ನೊಮ್ಮೆ ನೋಡಿದ, ಹಕೀಮಾಕರನ್ನೊಮ್ಮೆ ನೋಡಿದ, ಅಧಿಕಾರಿಯನ್ನು ಕರೆಯಲು ಒಳಗೆ ಹೋದ.

ಹೊರಗೆ ಬಂದೊಡನೆ ಬಾಸಿತರು ಕೈ ಚಾಚಿದರು. "ಕಾರ್ಡು ಕೊಡಿ."

"ತಗೊಳ್ಳಿ ಸಾಹೇಬ್ರೇ. ಇದನ್ನು ಕಟ್ಟಿಕೊಂಡು ನಿಮ್ಮ ಕೆಲಸ ಮಾಡ್ಲಿಕ್ಕೆ ನನ್ನಿಂದಾಗುದಿಲ್ಲ. ಬರುದು ಮಾತ್ರ ಬರ್ತೇನೆ."

ಬರುತ್ತಲೂ ಇದ್ದಾರೆ, ಮಾಮೂಲಿ ಸಾಲಿನಲ್ಲಿ, ಬಿಸಿಲಲ್ಲಿ. ಕೆಲವು ಸಲ ಒಳಗೆ ಬಿಡುತ್ತಾರೆ, ಕೆಲವು ಸಲ ಇಲ್ಲ. ತನಿಖೆ ಇನ್ನೂ ನಡೆದಿದೆ. ತಡ ಆಗ್ತದೆ ಮಗಳೇ ಎಂದು ವಯೊಲೆಟ್‌ಗೆ ಮುಚ್ಚುಮರೆಯಿಲ್ಲದೆ ಹೇಳಿದಾಗ ಅವಳು ಅಳಲಿಲ್ಲ.

"ಕಂಪನಿಯವರು ನನಗೂ ಫೋನ್ ಮಾಡಿದ್ರು ಕಾಕಾ, ಗಂಡನಿಗೆ ಬುದ್ಧಿ ಹೇಳು ಅಂತ. ನೀವು ಮೊದಲು ಬಸ್ಸಿಗೆ ಬ್ರೇಕ್ ಹಾಕಿಸಿ ಅಂದೆ."