ಕಿಟಕಿಯ ಗೋಡೆ ಮತ್ತು ಕಾಕಾನ ಸುಣ್ಣ

ಮೊನ್ನೆ ಹಿತ್ತಲಿನ ಗೋಡೆಗೆಂದು ಬಕೆಟ್ಟಿನಲ್ಲಿ ಸುಣ್ಣ ನೆನೆಹಾಕಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಳ್ಳಿಯ ಹಾಗೆ ಬಲಗೈಯ ತೋರುಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಇಪ್ಪತ್ತು ವರ್ಷ ಪಾಠ ಹೇಳಿದ ಟೀಚರು ಮಾಡುವ ಕೆಲಸವೇ ಇದು! ನನಗೆ ಬೀಳಗಿಗೆ ವರ್ಗವಾಗಿದೆ. ಬನಹಟ್ಟಿಯ ಈ ಮನೆಯನ್ನು ಬಾಡಿಗೆಗೆ ಕೊಡುವ ಮುಂಚೆ ನಲ್ಲಿ, ಚಿಲಕ, ಗೋಡೆ ಎಲ್ಲ ಒಮ್ಮೆ ನೋಡಿಸುತ್ತಿದ್ದೆ. ಆ ಸುಣ್ಣ ಮಾತ್ರ ನನ್ನನ್ನು ಸೀದಾ ಗೌಂಡಿ ಕಾಕಾನ ಮುಂದೆ ಒಯ್ದು ನಿಲ್ಲಿಸಿತು...

ಮದುವೆಯಾದ ಹೊಸದರಲ್ಲಿ ನಾವಿದ್ದ ಬಾಡಿಗೆ ಮನೆಯ ಪಕ್ಕದಲ್ಲೇ ಅವರ ಮನೆ. ಜೀವನವೆಲ್ಲ ಗೋಡೆ ಕಟ್ಟಿದವರು. ಮೊಣಕಾಲು ಮಾತು ಕೇಳದಾದ ಮೇಲೆ ಗಾರೆ ಬಳಿಯುವ ಕರಣಿ ಕೆಳಗಿಟ್ಟಿದ್ದರು. ಆದರೂ ಓಣಿಯಲ್ಲಿ ಯಾರೇ ಮನೆ ಕೊಳ್ಳಲಿ, ಮೊದಲು ಕಾಕಾ ಹೋಗಿ ನೋಡಬೇಕು. ಅವರು ಹೂಂ ಅಂದರೆ ಹೂಂ, ಬ್ಯಾಡ ಅಂದರೆ ಮುಗಿಯಿತು. ಅದಕ್ಕೆ ಅವರು ಕೇಳುತ್ತಿದ್ದದ್ದು ಒಂದು ಕಪ್ ಚಹಾ ಮಾತ್ರ, ಸಕ್ಕರೆ ಸ್ವಲ್ಪ ಮುಂದಾಗಿ.

ನಮ್ಮ ಬಾಡಿಗೆ ಮನೆಯ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಹಾಡುಹಗಲೇ ಬಲ್ಬು ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದೆ. ಕರೆಂಟ್ ಹೋಯಿತೆಂದರೆ ರೊಟ್ಟಿಯ ಅಂಚು ಎಲ್ಲಿ ಮುಗಿಯಿತು ಅನ್ನುವುದನ್ನು ಕೈಯೇ ಹೇಳಬೇಕು. ಅಂಥದ್ದರಲ್ಲಿ ಈ ಮನೆ ಮಾರಾಟಕ್ಕಿದೆ ಎಂದು ಗೊತ್ತಾಗಿ ಕಾಕಾನ ಜೊತೆ ನೋಡಲು ಬಂದೆವು. ಅಡುಗೆಮನೆಗೆ ಕಾಲಿಟ್ಟರೆ ಪೂರ್ವಕ್ಕೊಂದು ಕಿಟಕಿ, ಬಿಸಿಲು ನೇರ ಒಲೆಯ ಕಟ್ಟೆಯ ಮೇಲೆ! ನನಗೆ ಹುಚ್ಚೇ ಹಿಡಿಯಿತು. ನಿಂತ ನಿಲುವಿನಲ್ಲೇ ಮನಸ್ಸಿನೊಳಗೆ ಡಬ್ಬಿಗಳನ್ನೆಲ್ಲ ಜೋಡಿಸಿಬಿಟ್ಟೆ.

ಪೋಸ್ಟಾಫೀಸಿನಲ್ಲಿದ್ದ ನಮ್ಮವರಿಗೂ ಖುಷಿ. "ಓಣಿ ಎಷ್ಟ ಶಾಂತ ಐತಿ ನೋಡ್ರಿ ಕಾಕಾ" ಅಂದರು.

ಕಾಕಾ ಮೇಲೆ ನಿಂತಿದ್ದ ಫ್ಯಾನನ್ನು ತೋರಿಸಿ ನಕ್ಕರು. "ಸಾಹೇಬ್ರ, ಕರೆಂಟ್ ಇಲ್ಲರಿ. ಮಗ್ಗ ನಿಂತಾಗ ಬನಹಟ್ಟ್ಯಾಗ ಎಲ್ಲಾ ಮನಿ ಛಲೋನ ಕಾಣತಾವ."

ಆ ಊರಿನಲ್ಲೇ ಇದ್ದೂ ನಮಗದು ಹೊಳೆದಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಕಾದೆವು. ಮಧ್ಯಾಹ್ನ ಕರೆಂಟ್ ಬಂತು, ಓಣಿಯ ತುಂಬ ಪವರ್‌ಲೂಮ್‌ಗಳ ಖಟಖಟ ಶುರುವಾಯಿತು. ಕಾಕಾ ಒಂದು ಬಟ್ಟಲ ತುಂಬ ನೀರು ತರಿಸಿ, ಪ್ರತಿ ಗೋಡೆಯ ಬುಡದಲ್ಲೂ ಇಟ್ಟು ನೋಡಿದರು. ಮೂರು ಗೋಡೆಗಳ ಹತ್ತಿರ ನೀರು ಸುಮ್ಮನಿತ್ತು. ನನ್ನ ಕಿಟಕಿಯ ಗೋಡೆಯ ಹತ್ತಿರ ಮಾತ್ರ ಬಟ್ಟಲಿನಲ್ಲಿ ಬಳೆ ಬಳೆಯಾಗಿ ಅಲೆ ಎದ್ದಿತು. ಹೊರಗಿನ ಸಂದಿ ದಾಟಿದರೆ ಮಗ್ಗದ ಶೆಡ್ಡು. ಕಿಟಕಿಯ ಕೆಳಗೊಂದು ಬಿರುಕೂ ಇತ್ತು.

ಕಾಕಾ ಸುಣ್ಣ ತರಿಸಿ ಕಲಸಿ, ಬಿರುಕಿನ ಮೇಲೆ ಅಡ್ಡಲಾಗಿ ಕರಣಿಯಿಂದ ಒಂದು ಪಟ್ಟಿ ಎಳೆದರು. "ನಾಕ ದಿನ ಬಿಡ್ರಿ. ಸುಣ್ಣ ಸೀಳಿತಂದ್ರ ಬಿರುಕು ಇನ್ನೂ ಬೆಳ್ಯಾಕತ್ತೈತಿ ಅಂತ ತಿಳೀರಿ. ಸೀಳಲಿಲ್ಲಂದ್ರ ಹಳೇದು, ಚಿಂತಿಲ್ಲ."

ನಾಲ್ಕು ದಿನ! ಅತ್ತ ರಬಕವಿಯವರೊಬ್ಬರು ಇದೇ ಮನೆಗೆ ಕಾದು ಕೂತಿದ್ದರು. ಮಾಲೀಕರು ಕೀಲಿಯನ್ನು ನಮ್ಮ ಕೈಗೆ ಕೊಟ್ಟು, ನಾಲ್ಕನೆಯ ದಿನ ಫೋನ್ ಮಾಡಿ ಹೇಳಿ ಎಂದು ಊರಿಗೆ ಹೋದರು. ಶಾಲೆ ಬಿಟ್ಟೊಡನೆ ಓಡಿಬಂದು ಪಟ್ಟಿ ನೋಡುವುದೇ ನನ್ನ ಕೆಲಸವಾಯಿತು. ಎರಡನೆಯ ದಿನ ನೆಟ್ಟಗಿತ್ತು, ಒಬ್ಬಳೇ ಕುಣಿದೆ. ಮೂರನೆಯ ದಿನ ಸುಣ್ಣದ ನಟ್ಟನಡುವೆ ಕೂದಲೆಳೆಯಷ್ಟು ಸೀಳು!

ಕಾಕಾ ಉಳಿಸಿಹೋಗಿದ್ದ ಸುಣ್ಣ ಮೂಲೆಯ ಡಬ್ಬಿಯಲ್ಲೇ ಇತ್ತು. ನೀರು ಹಾಕಿ ಕಲಸಿದೆ, ಬೆರಳಿನಿಂದ ಸೀಳು ಮುಚ್ಚಿದೆ, ಸವರಿದೆ. ಪರೀಕ್ಷೆಯಲ್ಲಿ ಕಾಪಿ ಹೊಡೆದರೆ ಚರ್ಮ ಸುಲಿಯುತ್ತೇನೆ ಎಂದು ಮಕ್ಕಳನ್ನು ಹೆದರಿಸುವ ಬಾಯಿ ನನ್ನದೇ!

ನಾಲ್ಕನೆಯ ದಿನ ಪಟ್ಟಿ ನೋಡಿದ ನಮ್ಮವರು "ಸೀಳಿಲ್ಲ!" ಎಂದು ಕೂಗಿ, ಮಾಲೀಕರಿಗೆ ಫೋನ್ ಮಾಡಲು ಸಿಗ್ನಲ್ ಹುಡುಕುತ್ತ ಹೊರಗೆ ಓಡಿದರು. ಕಾಕಾ ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಅವರ ಕರಣಿಯ ನೇರ ಗೆರೆಯ ಮೇಲೆ ಬೆರಳು ಸವರಿದ ಗುರುತು ಎದ್ದು ಕಾಣುತ್ತಿತ್ತು. ಅದನ್ನು ನೋಡಿದರು, ಆಮೇಲೆ ಬೆಳ್ಳಗಿದ್ದ ನನ್ನ ಉಗುರು ನೋಡಿದರು. ನಾನು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಅಕ್ಕೋರ, ಈ ಕಿಡಕಿ ಅಷ್ಟ ಬೇಕೇನ್ರಿ ನಿಮಗ?"

"ಬೇಕ್ರಿ ಕಾಕಾ" ಅಂದೆ. ಅಳು ತಡೆಯಲಾಗಲಿಲ್ಲ.

ಅಷ್ಟರಲ್ಲಿ ನಮ್ಮವರು ಒಳಗೆ ಬಂದರು, ಸಿಗ್ನಲ್ ಸಿಕ್ಕಿರಲಿಲ್ಲ. ಕಾಕಾ ಮೊಣಕಾಲು ಹಿಡಿದುಕೊಂಡು ಎದ್ದರು. "ಸಾಹೇಬ್ರ, ಮನಿ ತಗೋರಿ. ಆದ್ರ ಈ ಗ್ವಾಡಿ ಬಿಚ್ಚಿ, ಬುನಾದಿ ಇಳಿಸಿ ಕಟ್ಟಬೇಕು. ಹಂಗಂತ ಮಾಲಕರಿಗೆ ಮೊದಲ ಹೇಳ್ರಿ."

"ಸುಣ್ಣ ಸೀಳಿಲ್ಲಲ್ರಿ ಕಾಕಾ?"

"ನಾ ಕಲಸಿದ್ದ ಸುಣ್ಣಾನ ಸರಿ ಇದ್ದಿಲ್ಲರಿ. ಅದನ್ನ ನಂಬಬ್ಯಾಡ್ರಿ."

ಇಡೀ ಓಣಿ ನಂಬಿದ ಕೈ ಅದು. ನನ್ನ ಮಾನ ಉಳಿಸಲು ತಮ್ಮ ಕೈಯನ್ನೇ ಹಳಿದುಕೊಂಡರು. ನಾನು ಬಾಯಿ ಬಿಡಲಿಲ್ಲ.

ಮಾಲೀಕರು ಆ ಖರ್ಚನ್ನು ಬೆಲೆಯಲ್ಲಿ ಬಿಟ್ಟುಕೊಟ್ಟರು, ಮನೆ ನಮ್ಮದಾಯಿತು, ಗೋಡೆ ಮತ್ತೆ ಎದ್ದಿತು. ಕಾಕಾ ದಿನವೂ ಕುರ್ಚಿ ಹಾಕಿಸಿಕೊಂಡು ಕೂತು, ಕೆಲಸದವರನ್ನು ಬೈಯುತ್ತ, ಅದೇ ಕಿಟಕಿಯನ್ನು ಅದೇ ಜಾಗದಲ್ಲಿ ನಿಲ್ಲಿಸಿದರು. ಗೋಡೆಗೆ ಮೆತ್ತಿದ ಗಿಲಾವು ಇನ್ನೂ ಹಸಿಯಿದ್ದಾಗ ನನ್ನನ್ನು ಕರೆದರು. "ಬರ್ರಿ ಅಕ್ಕೋರ, ಈಗ ಒತ್ರಿ ನಿಮ್ಮ ಬೆರಳ. ಇದು ಸೀಳಂಗಿಲ್ಲ." ಕಿಟಕಿಯ ಕೆಳಗೆ ಒತ್ತಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಮುಂದೆ ಎಷ್ಟೋ ವರ್ಷ, ಕಾಕಾ ಚಹಾಕ್ಕೆ ಬಂದಾಗಲೆಲ್ಲ "ಏನ್ ಕಾಕಾ, ಈಗರೆ ಸುಣ್ಣ ಸರಿ ಕಲಸ್ತೀರೇನು?" ಎಂದು ನಮ್ಮವರು ಕಾಡಿಸುತ್ತಿದ್ದರು. ಕಾಕಾ ನನ್ನ ಕಡೆ ಒಂದು ಸಲ ನೋಡಿ, ಚಹಾದ ಬಸಿ ತುಟಿಗೆ ಹಚ್ಚುತ್ತಿದ್ದರು. ಹೇಳಬೇಕು, ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತಲೇ... ಅವರು ಹೋಗಿ ಏಳು ವರ್ಷವಾಯಿತು.

ನಾಳೆ ಬಾಡಿಗೆಗೆ ಮುಧೋಳದಿಂದ ಹೊಸ ಜೋಡಿಯೊಂದು ಮನೆ ನೋಡಲು ಬರುತ್ತದೆ. ಮಗ್ಗ ನಡೆಯುವ ಹೊತ್ತಿಗೇ ಬನ್ನಿ ಎಂದು ಹೇಳಿದ್ದೇನೆ. ಬಟ್ಟಲನ್ನೂ ತೆಗೆದಿಟ್ಟಿದ್ದೇನೆ. ಆ ಹುಡುಗಿ ಕಿಟಕಿ ನೋಡಿ ಏನನ್ನುತ್ತಾಳೋ ಎಂದು ನನಗೇ ತಡೆಯಲಾಗುತ್ತಿಲ್ಲ.

ಇವತ್ತು ಬಣ್ಣದವನು ಕಿಟಕಿಯ ಕೆಳಗಿನ ಗುರುತಿಗೆ ಪುಟ್ಟಿ ತುಂಬಲು ಹೋದ. "ಬ್ಯಾಡೋ ತಮ್ಮಾ, ಅದನ್ನ ಹಂಗ ಬಿಡು" ಅಂದೆ. ಪಕ್ಕದಲ್ಲಿದ್ದ ನಮ್ಮವರು ಯಾಕೆ ಎನ್ನುವಂತೆ ನನ್ನ ಮುಖ ನೋಡಿದರು. ಆಚೆ ಮಗ್ಗಗಳು ಜೋರಾಗಿ ನಡೆದಿದ್ದವು. ನಾನು ಆ ಗುರುತಿನಲ್ಲಿ ಬೆರಳಿಟ್ಟು, ಮಗ್ಗದ ಸದ್ದಿಗಿಂತ ಜೋರಾಗಿ ಹೇಳಿದೆ:

"ಕಾಕಾ ಕಲಸಿದ್ದ ಸುಣ್ಣ ಸರಿನ ಇತ್ರಿ."