ಹಾಲುಕ್ಕಿಸದ ಹೊಸ ಒಲೆ

ಕೇಳಿ ಸ್ನೇಹಿತರೇ, ಇವತ್ತು ನಮ್ಮನೆಯ ಹೊಸ ಇಂಡಕ್ಷನ್ ಒಲೆಗೆ ಟೇಕಲ್‌ನ ಎಲೆಕ್ಟ್ರಿಷಿಯನ್ ಮುನಿರಾಜು ವೈರಿಂಗ್ ಮುಗಿಸಿದ. ಅತ್ತೆ ಒಲೆಗೆ ಕುಂಕುಮವಿಟ್ಟು, "ಹಾಲುಕ್ಕೋವರ್ಗೂ ನೀನು ಹೋಗಂಗಿಲ್ಲ ಕಣಪ್ಪಾ" ಎಂದರು. ಅವನು 'ಮಿಲ್ಕ್' ಎಂದಿದ್ದ ಬಟನ್ನನ್ನೇ ಒತ್ತಿದ. ಹಾಲು ಪಾತ್ರೆಯ ಅಂಚಿನವರೆಗೆ ಬಂತು, ಇಳಿಯಿತು. ಮತ್ತೆ ಬಂತು, ಮತ್ತೆ ಇಳಿಯಿತು.

"ವೈರು ತಪ್ಪು ಕೊಟ್ಟಿದ್ದೀಯ, ಬಿಚ್ಚು" ಎಂದರು ಅತ್ತೆ.

"ಕರೆಕ್ಟಾಗೇ ಐತಮ್ಮಾ!" ಎನ್ನುತ್ತಲೇ ಪಾಪ, ಎರಡು ಸಲ ಬಿಚ್ಚಿ ಜೋಡಿಸಿದ.

ಕೊನೆಗೆ ನಾನು ಒಲೆಯ ಜೊತೆ ಬಂದ ಪುಸ್ತಕ ತೆರೆದೆ. ಆ ಬಟನ್ ಇರುವುದೇ ಹಾಲು ಉಕ್ಕಬಾರದೆಂದು!

"ಹಂಗಾದ್ರೆ ಉಕ್ಕಿಸೋ ಬಟನ್ ಯಾವ್ದು?" ಎಂದ ಅತ್ತೆ, ಉತ್ತರಕ್ಕೂ ಕಾಯದೆ ಪಾತ್ರೆಯನ್ನು ಹಳೇ ಗ್ಯಾಸ್ ಒಲೆಗಿಟ್ಟರು. ಹಾಲು ಉಕ್ಕಿತು, ಮುನಿರಾಜುಗೆ ಬಿಡುಗಡೆಯಾಯಿತು. ಹೊಸ ಒಲೆ ಕುಂಕುಮವಿಟ್ಟುಕೊಂಡು ಪಕ್ಕದಲ್ಲಿ ಕೂತು ನೋಡುತ್ತಿತ್ತು.