ಗೇಜಕ್ಕನ ಕದಲದ ಹಲ್ಲು

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಗೇಜಕ್ಕ ಎಂದೇ ಕರೆಯುತ್ತಿದ್ದರು. ಪಂಪುಗಳಿಗೆ ಹಾಕುವ ಉಕ್ಕಿನ ಬುಷ್ಷುಗಳನ್ನು ಗೇಜು ಹಿಡಿದು ಅಳೆದು ಪಾಸೋ ನಪಾಸೋ ಹೇಳುವುದು ಇಪ್ಪತ್ತನಾಲ್ಕು ವರ್ಷಗಳಿಂದ ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ಕೆಂಪು ಡಬ್ಬಿಗೆ ಹೋಗುತ್ತಿತ್ತು. ಲೇತಿನವರು ಬಂದು "ಅಕ್ಕ, ಇನ್ನೊಂದ್ಸಲ ನೋಡಿ" ಎಂದು ಗೋಗರೆದರೆ ಅವಳು ಬೇಸರವಿಲ್ಲದೆ ನೋಡುತ್ತಿದ್ದಳು. ಎರಡನೇ ಸಲ ಇನ್ನೂ ಒಂದು ತಪ್ಪು ಸಿಗುತ್ತಿತ್ತು. ಹೀಗಾಗಿ ಬರಬರುತ್ತಾ ಯಾರೂ ಕೇಳುವುದನ್ನೇ ಬಿಟ್ಟರು.

ಅನುಮಾನ ಅವಳಿಗೆ ಕೆಲಸದಿಂದ ಅಂಟಿತೋ, ಅನುಮಾನದವಳೆಂದೇ ಆ ಕೆಲಸ ಸಿಕ್ಕಿತೋ, ಹೇಳುವುದು ಕಷ್ಟ. ಬಸ್ಸಿನ ಹಣೆಯ ಮೇಲಿನ ಬೋರ್ಡು ಓದಿಯೂ ಕಂಡಕ್ಟರನ್ನು ಕೇಳುವಳು. ಕಂಡಕ್ಟರ್ ಹೇಳಿದ ಮೇಲೂ ಪಕ್ಕದ ಸೀಟಿನವರನ್ನು ಕೇಳುವಳು. ಗಂಡ ಅಂಗಡಿಗಳ ಬೋರ್ಡು ಬರೆಯುವ ಪೇಂಟರು, ತಣ್ಣಗಿನ ಮನುಷ್ಯ. "ಎಲ್ಲರೂ ಮೊಸರಲ್ಲಿ ಕಲ್ಲು ಹುಡುಕ್ತಾರೆ. ನಮ್ಮನೆಯವಳು ಕಲ್ಲು ಸಿಗೋವರೆಗೂ ಮೊಸರನ್ನ ಯಾರಿಗೂ ಬಡಿಸಲ್ಲ" ಎನ್ನುತ್ತಿದ್ದ.

ನಲವತ್ತಾರನೇ ವಯಸ್ಸಿನಲ್ಲಿ ಅವಳ ವಸಡಿನಿಂದ ರಕ್ತ ಬರತೊಡಗಿತು. ಬಸ್ಸಿಗೆ ನುಗ್ಗುವ ಜನರಂತೆ ಅವಳ ಮೇಲಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿ ನಿಂತಿದ್ದವು. ಸಂದಿಗೆ ಬ್ರಷ್ಷು ಹೋಗುತ್ತಿರಲಿಲ್ಲ. ಹಲ್ಲಿನ ಡಾಕ್ಟರಮ್ಮ ಮೂವತ್ತರ ಆಸುಪಾಸಿನವಳು. ನೋಡಿ ಹೇಳಿದಳು: "ಸಾಲು ನೆಟ್ಟಗಾದ್ರೆ ವಸಡು ಉಳಿಯತ್ತೆ. ಇಲ್ದಿದ್ರೆ ಹತ್ತು ವರ್ಷದಲ್ಲಿ ಹಲ್ಲುಗಳೇ ಅಲ್ಲಾಡೋಕೆ ಶುರು ಮಾಡ್ತವೆ. ತಂತಿ ಕ್ಲಿಪ್ ಬೇಡ ಅಂದ್ರೆ ಅಲೈನರ್ ಹಾಕೋಣ. ಕಣ್ಣಿಗೇ ಕಾಣಲ್ಲ."

"ಕಣ್ಣಿಗೆ ಕಾಣದೆ ಇರೋದು ಕೆಲಸ ಮಾಡತ್ತೆ ಅಂತ ಹೇಗೆ ನಂಬೋದು ಡಾಕ್ಟ್ರೇ?"

ಡಾಕ್ಟರಮ್ಮ ನಕ್ಕು, ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದಳು. ಅದರಲ್ಲಿ ಸೊಟ್ಟ ಹಲ್ಲುಗಳು ಒಂದೊಂದಾಗಿ ಸರಿದು, ಶಾಲೆಯ ಮಕ್ಕಳಂತೆ ಸಾಲಾಗಿ ನಿಂತವು. ಗೇಜಕ್ಕ ಕನ್ನಡಕ ಏರಿಸಿ ನೋಡಿದಳು.

"ಇವು ಯಾರ ಹಲ್ಲು?"

"ನಿಮ್ಮದೇ."

"ನನ್ನ ಹಲ್ಲು ಇಷ್ಟು ಬೆಳ್ಳಗೆ ಯಾವಾಗ ಆಯ್ತು?"

ಆಮೇಲೆ ತುಂಬಲು ಒಂದು ಫಾರಮ್ಮು ಕೊಟ್ಟರು. ಯಾವ ಕಾಯಿಲೆ ಇತ್ತು, ಯಾವ ಮಾತ್ರೆ ತಿನ್ನುತ್ತೀರಿ, ಮುಖಕ್ಕೆ ಎಂದಾದರೂ ಏಟು ಬಿದ್ದಿತ್ತೇ, ಹೀಗೆ ಎರಡು ಪುಟ ಪ್ರಶ್ನೆಗಳು. ಹಲ್ಲು ನೆಟ್ಟಗೆ ಮಾಡುವವರಿಗೆ ಊರ ಉಸಾಬರಿಯೆಲ್ಲ ಯಾಕೆ ಎಂದುಕೊಂಡು, ಮೇಲಿನಿಂದ ಕೆಳಗಿನವರೆಗೆ 'ಇಲ್ಲ' ಎಂಬಲ್ಲಿ ಗೀಟು ಎಳೆದು ಸಹಿ ಹಾಕಿದಳು.

ಅಲೈನರುಗಳು ಒಟ್ಟು ಇಪ್ಪತ್ನಾಲ್ಕು ಜೊತೆ. ಗಾಜಿನಂತೆ ತಿಳಿಯಾದ, ಹಲ್ಲಿನ ಅಚ್ಚಿಗೇ ಮಾಡಿದ ತೆಳು ಪ್ಲಾಸ್ಟಿಕ್ ಕವಚಗಳು. ಉಣ್ಣುವಾಗ, ಹಲ್ಲುಜ್ಜುವಾಗ ಮಾತ್ರ ತೆಗೆಯಬೇಕು. ಎರಡೆರಡು ವಾರಕ್ಕೆ ಹೊಸ ಜೊತೆ. ಮೊದಲ ಮೂರನ್ನು ಮನೆಗೆ ತಂದವಳೇ ಚೀಲದಿಂದ ವರ್ನಿಯರ್ ತೆಗೆದು ಅಳೆಯಲು ಕೂತಳು.

"ಅದೇನು ಹುಡುಕ್ತಿದ್ದೀಯ?" ಗಂಡ ಕೇಳಿದ.

"ಮೂರೂ ಒಂದೇ ಇದ್ರೆ? ಒಂದನ್ನೇ ಮೂರು ಸಲ ಅಚ್ಚು ಹಾಕಿ ನಂಬರ್ ಬದಲಾಯಿಸಿ ಕೊಟ್ಟಿದ್ರೆ?"

ಮೂರೂ ಬೇರೆ ಬೇರೆಯೇ ಇದ್ದವು. ಒಂದರಿಂದ ಒಂದಕ್ಕೆ ಕಾಲು ಮಿಲಿಮೀಟರಿನ ಆಸುಪಾಸು ವ್ಯತ್ಯಾಸ. ಅವಳಿಗೆ ಸಮಾಧಾನವಾಗಬೇಕಿತ್ತು. ಬದಲಿಗೆ, ಅನುಮಾನಕ್ಕೆ ಇನ್ನೊಂದು ಜಾಗ ಹುಡುಕುವ ಕೆಲಸ ಬಿತ್ತು.

ಮೊದಲ ವಾರ ಮಾತು ತೊದಲಿತು. ಕಾರ್ಖಾನೆಯಲ್ಲಿ "ಸೈಜ್ ಸರಿಯಿಲ್ಲ" ಎನ್ನುವ ಮಾತು ನಾಲಿಗೆ ಜಾರಿ ಬೇರೇನೋ ಆಗಿ, ಲೇತಿನವರು ಮುಖ ತಿರುಗಿಸಿಕೊಂಡು ನಕ್ಕರು. ಅವಳು ಒಂದು ನೋಟುಬುಕ್ಕು ಮಾಡಿ, ಕವಚ ತೆಗೆದ ಹೊತ್ತು, ಮತ್ತೆ ಹಾಕಿದ ಹೊತ್ತು ನಿಮಿಷದ ಲೆಕ್ಕದಲ್ಲಿ ಬರೆದಿಟ್ಟಳು. ನಾಳೆ ಇವರು ತಪ್ಪನ್ನು ತನ್ನ ತಲೆಗೆ ಕಟ್ಟಿದರೆ ಕೈಯಲ್ಲಿ ಸಾಕ್ಷಿ ಇರಬೇಕಲ್ಲ.

ಆರನೇ ಜೊತೆ ಹಾಕಿದಾಗ ಕನ್ನಡಿಯಲ್ಲಿ ಅವಳಿಗೆ ಏನೋ ಕಂಡಿತು. ಮುಂದಿನ ಎರಡು ದೊಡ್ಡ ಹಲ್ಲುಗಳ ಎಡಪಕ್ಕದಲ್ಲಿ, ಒಳಗೆ ಸರಿದು ನಿಂತಿದ್ದ ಗಿಡ್ಡ ಹಲ್ಲೊಂದು ಕವಚಕ್ಕೆ ಸರಿಯಾಗಿ ತುಂಬಿರಲಿಲ್ಲ. ತುದಿಯಲ್ಲಿ ಚೂರು ಖಾಲಿ ಜಾಗ. ಕಾರ್ಖಾನೆಯಲ್ಲಿ ಕಣ್ಣಿಗೆ ಸಿಗದ ಸಂದನ್ನು ಅಳೆಯಲು ಒಂದು ಉಪಾಯವಿದೆ: ಮೇಣ ಇಟ್ಟು ಒತ್ತಿ, ಆ ಮೇಣವನ್ನೇ ಅಳೆಯುವುದು. ಅವಳು ಮೇಣದ ಚೂರೊಂದನ್ನು ಕವಚದ ಆ ಗೂಡಿಗೆ ಮೆತ್ತಿ ಕಚ್ಚಿದಳು. ತೆಗೆದು ನೋಡಿದರೆ ಮೇಣ ಉಗುರಿನಷ್ಟು ದಪ್ಪ. ಏಳನೇ ಜೊತೆಗೆ ಅದರ ಒಂದೂವರೆಯಷ್ಟು. ಎಂಟನೆಯದಕ್ಕೆ ಎರಡರಷ್ಟು. ಉಳಿದ ಹಲ್ಲುಗಳೆಲ್ಲ ಹೇಳಿದ ಮಾತು ಕೇಳಿ ಸರಿಯುತ್ತಿದ್ದವು. ಅದೊಂದು ಮಾತ್ರ ಜಪ್ಪಯ್ಯ ಎಂದರೂ ಕದಲಿರಲಿಲ್ಲ.

ಮೂರು ಮೇಣದ ಚೂರುಗಳನ್ನು ಚೀಟಿ ಅಂಟಿಸಿದ ಪೊಟ್ಟಣಗಳಲ್ಲಿಟ್ಟುಕೊಂಡು ಅವಳು ಡಾಕ್ಟರಮ್ಮನ ಮುಂದೆ ಕೂತಳು. ಡಾಕ್ಟರಮ್ಮ ಮೇಣವನ್ನು ನೋಡಿದಳು, ಅವಳನ್ನು ನೋಡಿದಳು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ದಿನಕ್ಕೆ ಎಷ್ಟು ಗಂಟೆ ಹಾಕ್ಕೊಳ್ತೀರಿ?"

ಇದೇ ಪ್ರಶ್ನೆಗೆ ಕಾದಿದ್ದವಳಂತೆ ಗೇಜಕ್ಕ ನೋಟುಬುಕ್ಕು ಮುಂದಿಟ್ಟಳು. ಡಾಕ್ಟರಮ್ಮ ನಾಲ್ಕು ಹಾಳೆ ತಿರುವಿದಳು. ಹದಿನಾಲ್ಕನೇ ತಾರೀಖು, ಮಧ್ಯಾಹ್ನ ಒಂದು ಹತ್ತಕ್ಕೆ ತೆಗೆದದ್ದು, ಒಂದು ಮೂವತ್ತೆರಡಕ್ಕೆ ಹಾಕಿದ್ದು. ಅವಳ ಮುಖದ ಮೇಲಿದ್ದ ಸಂಶಯ ನಿಧಾನಕ್ಕೆ ಇಳಿಯಿತು. ಬಾಯಿ ನೋಡುವ ಸಣ್ಣ ಕನ್ನಡಿಯ ಹಿಡಿಯಿಂದ ಹಲ್ಲುಗಳನ್ನು ಒಂದೊಂದಾಗಿ ತಟ್ಟತೊಡಗಿದಳು. ಡಬ್, ಡಬ್, ಡಬ್. ಗಿಡ್ಡ ಹಲ್ಲಿನ ಮೇಲೆ ಬಿದ್ದಾಗ ಟಿಣ್ ಎಂದಿತು.

ಬಾಯಿ ತೆರೆದುಕೊಂಡೇ ಗೇಜಕ್ಕ ಕೈಯೆತ್ತಿದಳು. ಸಾಣೆಯ ಚಕ್ರವನ್ನು ತಟ್ಟಿ, ದನಿ ಕೇಳಿ ಒಳಗಿನ ಬಿರುಕು ಹೇಳುವವಳು ಅವಳು. "ಇನ್ನೊಂದ್ಸಲ ತಟ್ಟಿ" ಎಂದಳು. ಮತ್ತೆ ಟಿಣ್.

ಎಕ್ಸ್‌ರೇ ತೆಗೆದ ಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದಳು. "ಹಲ್ಲಿಗೂ ಎಲುಬಿಗೂ ನಡುವೆ ತೆಳ್ಳಗೆ ಮೆತ್ತೆ ಥರ ಇರತ್ತೆ. ಅದಿದ್ರೇನೇ ಹಲ್ಲು ಸರಿಯೋದು. ನಿಮ್ಮ ಈ ಹಲ್ಲಲ್ಲಿ ಆ ಮೆತ್ತೆ ಹಾಳಾಗಿ ಹಲ್ಲು ಎಲುಬಿಗೇ ಅಂಟ್ಕೊಂಡಿದೆ. ನಾನು ಮೊದಲೇ ತಟ್ಟಿ ನೋಡ್ಬೇಕಿತ್ತು, ಅದು ನನ್ನ ತಪ್ಪು. ಆದ್ರೆ ಇದು ಸಾಮಾನ್ಯವಾಗಿ ಜೋರಾಗಿ ಏಟು ಬಿದ್ದ ಹಲ್ಲಿಗೆ ಆಗೋದು. ಫಾರಮ್ಮಲ್ಲಿ ನೀವು 'ಇಲ್ಲ' ಅಂತ ಬರ್ದಿದ್ದೀರಿ."

ಗೇಜಕ್ಕ ನಾಲಿಗೆಯಿಂದ ಆ ಹಲ್ಲನ್ನು ಮುಟ್ಟಿ ನೋಡಿಕೊಂಡಳು. "ಹತ್ತು ವರ್ಷದವಳಿದ್ದಾಗ ಶಾಲೆಯ ಮೆಟ್ಟಿಲ ಮೇಲೆ ಎಡವಿ ಬಿದ್ದಿದ್ದೆ. ಅಷ್ಟೇ."

"ಎಡವಿ ಬಿದ್ರೆ ಕೈ ಮೊದಲು ಮುಂದೆ ಬರತ್ತೆ. ಕೈಗೆ ಏನೂ ಆಗಿರಲಿಲ್ವಾ?"

ಕೈಗೆ ಏನೂ ಆಗಿರಲಿಲ್ಲ. ಅದು ಅವಳಿಗೆ ಚೆನ್ನಾಗಿ ನೆನಪಿತ್ತು. ಎರಡೂ ಕೈಯಲ್ಲಿ ಪುಸ್ತಕ ಅವುಚಿಕೊಂಡಿದ್ದಳು. ಕಾಲು ಎಡವಿದ್ದು ಮಾತ್ರ ನೆನಪಿಗೆ ಬರಲಿಲ್ಲ. ಅಣ್ಣ ಅವಳನ್ನು ಬೆನ್ನ ಮೇಲೆ ಹೊತ್ತು ಮನೆಗೆ ಓಡಿದ್ದ. ಅವನ ಅಂಗಿಯೆಲ್ಲ ರಕ್ತವಾಗಿತ್ತು. "ತಂಗಿ ಎಡವಿಬಿಟ್ಟಳು" ಎಂದು ಹೇಳಿದ್ದೂ ಅವನೇ. ಆ ದಿನದಿಂದ, ಲೋಕದಲ್ಲಿ ಅವಳು ಮರುಮಾತಿಲ್ಲದೆ ನಂಬುವವನು ಒಬ್ಬನಿದ್ದರೆ ಅದು ಅಣ್ಣ.

ಅಣ್ಣನದು ಎರಡು ಬೀದಿ ಆಚೆ ಸೈಕಲ್ ರಿಪೇರಿ ಅಂಗಡಿ. ಅವಳು ಹೋದಾಗ ಚಕ್ರವೊಂದನ್ನು ತಲೆಕೆಳಗು ಮಾಡಿ ಕಡ್ಡಿ ಬಿಗಿಯುತ್ತಿದ್ದ. ಅವಳು ನಿಂತಲ್ಲೇ ಕೇಳಿದಳು.

"ಅಣ್ಣ, ಶಾಲೆ ಮೆಟ್ಟಿಲ ಮೇಲೆ ನಾನು ಬಿದ್ದದ್ದು ಹೇಗೆ?"

ಚಕ್ರ ತಿರುಗುತ್ತಲೇ ಇತ್ತು. ಅವನು ಅದನ್ನು ಅಂಗೈಯಿಂದ ನಿಲ್ಲಿಸಿದ.

"ಈಗ್ಯಾಕೆ ಅದು?"

"ಡಾಕ್ಟ್ರು ಕೇಳಿದ್ರು."

ಅವನು ಬಹಳ ಹೊತ್ತು ಕೈಯ ಎಣ್ಣೆ ಒರೆಸಿಕೊಂಡ. "ನನ್ನ ಮಾರ್ಕ್ಸ್ ಕಾರ್ಡಲ್ಲಿ ಅಪ್ಪನ ಸಹಿ ನಾನೇ ಹಾಕಿದ್ದೆ. ಸಹಿಯ ಬಾಲ ಎಡಕ್ಕೆ ಹೋಗಿದೆ, ಅಪ್ಪನದು ಬಲಕ್ಕೆ ಹೋಗತ್ತೆ ಅಂತ ಕಂಡುಹಿಡಿದವಳು ನೀನು. ಮನೇಲಿ ಹೇಳ್ತೀನಿ ಅಂದೆ. ನಾನು ಹಿಂದಿನಿಂದ ತಳ್ಳಿಬಿಟ್ಟೆ."

ಗೇಜಕ್ಕ ಅಲ್ಲಿಂದ ಹೊರಟಳು. ಕೋಪ ಬರಲಿ ಎಂದು ದಾರಿಯುದ್ದಕ್ಕೂ ಕಾದಳು, ಬರಲಿಲ್ಲ. ಬದಲಿಗೆ, ಮೂವತ್ತಾರು ವರ್ಷಗಳಲ್ಲಿ ಅವನು ಹೇಳಿದ ಮಾತುಗಳನ್ನೆಲ್ಲ ಒಂದೊಂದಾಗಿ ಮೇಜಿನ ಮೇಲೆ ಹರಡಿಕೊಂಡು ತಪಾಸಣೆಗೆ ಕೂತಿತು ಅವಳ ಮನಸ್ಸು. ಅಮ್ಮ ಸಾಯುವಾಗ ಕೊನೆಗೆ ನಿನ್ನ ಹೆಸರೇ ಹೇಳಿದಳು ಎಂದಿದ್ದನಲ್ಲ, ನಿಜವೇ? ನಿನಗೆ ಈ ಗಂಡೇ ಸರಿ ಎಂದಿದ್ದನಲ್ಲ, ಏನು ನೋಡಿ ಹೇಳಿದ್ದ? ವಾರವಿಡೀ ಹೀಗೇ ನಡೆಯಿತು. ಗಂಡನನ್ನೂ ಎರಡು ಸಲ ದಿಟ್ಟಿಸಿ ನೋಡಿದಳು. ಅವನು "ನಾನು ಯಾರನ್ನೂ ತಳ್ಳಿಲ್ಲಪ್ಪಾ" ಎಂದು ಬ್ರಷ್ಷು ಹಿಡಿದು ಹೊರಗೆ ಹೋದ.

ಎಂಟು ದಿನವಾದ ಮೇಲೆ ಅಣ್ಣನೇ ಬಂದ. ಬಾಗಿಲ ಬಳಿಯೇ ನಿಂತು, "ಹೆದರಿ ಹೇಳ್ಲಿಲ್ಲ. ಆಮೇಲೆ ನೀನು ಅಷ್ಟು ನಂಬಿದ್ದಕ್ಕೇ ಹೇಳೋಕೆ ಆಗ್ಲಿಲ್ಲ. ಹೊಟ್ಟೆಗೆ ಹಾಕ್ಕೋ" ಎಂದ.

"ಹೊಟ್ಟೆಗೆ ಹಾಕ್ಕೊಳ್ಳೋಣ ಅಂದ್ರೆ ಅದು ಬಾಯಲ್ಲೇ ಕೂತಿದೆಯಲ್ಲಣ್ಣ" ಎಂದಳು ಅವಳು. ಅವಳು ಒಳಗೆ ಹೋಗಿ ಟೀಗೆ ನೀರಿಟ್ಟಳು. ಮತ್ತೆ ಹೊರಗೆ ಬಂದು, "ಅಮ್ಮ ಕೊನೆಗೆ ನನ್ನ ಹೆಸರು ಹೇಳಿದ್ದು ನಿಜ ತಾನೆ?" ಎಂದು ಕೇಳಿದಳು. ಅವನು ನಿಜ ಎಂದ. ಅವಳು ಅವನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿ, ತಲೆಯಾಡಿಸಿದಳು.

ಡಾಕ್ಟರಮ್ಮ ಹೊಸದಾಗಿ ಅಚ್ಚು ತೆಗೆದು, ಆ ಹಲ್ಲನ್ನು ಇದ್ದಲ್ಲೇ ಬಿಟ್ಟು ಉಳಿದವನ್ನು ಅದರ ಸುತ್ತ ಹೊಂದಿಸುವ ಕವಚಗಳನ್ನು ಮಾಡಿಸಿದಳು. ಕೊನೆಗೆ ಗಿಡ್ಡ ಹಲ್ಲಿಗೆ ಅದೇ ಬಣ್ಣದ ಲೇಪ ಹಚ್ಚಿ ಉಳಿದವುಗಳ ಎತ್ತರಕ್ಕೆ ತಂದಳು. ಒಂದು ವರ್ಷ ನಾಲ್ಕು ತಿಂಗಳು ಹಿಡಿಯಿತು. ವಸಡಿನ ರಕ್ತ ನಿಂತಿತು. ಕೊನೆಯ ದಿನ ಡಾಕ್ಟರಮ್ಮ ಇನ್ನೊಂದು ಕವಚ ಕೈಗಿತ್ತು, "ಹಲ್ಲು ಹಳೇ ಜಾಗಕ್ಕೆ ವಾಪಸ್ ಹೋಗದ ಹಾಗೆ ಇದನ್ನ ಮಲಗುವಾಗ ಹಾಕ್ಕೊಳ್ಳಿ" ಎಂದಳು.

"ಎಷ್ಟು ದಿನ?"

"ಜೀವನಪೂರ್ತಿ."

"ಯಾರ ಲೆಕ್ಕದಲ್ಲಿ? ನಂದೋ, ಇದರದ್ದೋ?" ಎಂದು ಕೇಳಿ, ಗೇಜಕ್ಕ ಆ ಕವಚವನ್ನು ಕಿಟಕಿಯ ಬೆಳಕಿಗೆ ಹಿಡಿದಳು.